ಇಬ್ಬರಿಗೂ ತಲೆಸುತ್ತು, ಕಾರಣ ಮಾತ್ರ ಬೇರೆ: ಚಿಕಿತ್ಸಾಲಯವೊಂದರ ಅನುಭವ

ನನಗೂ ನನ್ನ ತಾಯಿಗೂ ಒಂದೇ ತಿಂಗಳಲ್ಲಿ ತಲೆಸುತ್ತು ಆರಂಭವಾಯಿತು. ನಾವು ಮೊದಲು ಕಂಡ ವೈದ್ಯರು ಇಬ್ಬರ ಚೀಟಿಯಲ್ಲೂ ‘ವರ್ಟಿಗೋ’ ಎಂದು ಬರೆದು ಒಂದೇ ಮಾತ್ರೆಯನ್ನು ಕೊಟ್ಟರು. ಇಬ್ಬರಲ್ಲಿ ಯಾರನ್ನೂ ಮುಟ್ಟಿ ಪರೀಕ್ಷಿಸಲಿಲ್ಲ. ಮೂರು ವಾರ ಮಾತ್ರೆ ನುಂಗಿದರೂ ಗುಣ ಕಾಣದೆ, ತಲೆಸುತ್ತು ಮತ್ತು ಸಮತೋಲನದ ತೊಂದರೆಗಳನ್ನಷ್ಟೇ ನೋಡುವ ಚಿಕಿತ್ಸಾಲಯವೊಂದಕ್ಕೆ ಹೋದೆವು. ಅಲ್ಲಿ ದೊರೆತ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಭೇಟಿಯ ಸಮಯ ಕೇಳಲು ಫೋನ್ ಮಾಡಿದಾಗಲೇ ಅಲ್ಲಿಯ ಸಿಬ್ಬಂದಿ ಕೆಲವು ಪ್ರಶ್ನೆಗಳನ್ನು ಹಾಕಿದರು: ಮಾತು ತೊದಲುತ್ತಿದೆಯೇ, ವಸ್ತುಗಳು ಎರಡೆರಡಾಗಿ ಕಾಣುತ್ತಿವೆಯೇ, ಕೈಕಾಲಿನ ಬಲ ಕುಂದಿದೆಯೇ, ಹಿಂದೆಂದೂ ಕಾಣದಂತಹ ತಲೆನೋವು ಇದ್ದಕ್ಕಿದ್ದಂತೆ ಬಂದಿದೆಯೇ, ಆಸರೆಯಿಲ್ಲದೆ ನಿಲ್ಲುವುದೇ ಕಷ್ಟವಾಗಿದೆಯೇ. ಇವುಗಳಲ್ಲಿ ಒಂದಿದ್ದರೂ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು, ಆದ್ದರಿಂದ ತಮ್ಮಲ್ಲಿಗೆ ಬಾರದೆ ತಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು ಎಂದರು. ಬರುವ ರೋಗಿಯನ್ನು ಹೀಗೆ ಬೇರೆಡೆಗೆ ಕಳುಹಿಸುವ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಕಣ್ಣು ಕತ್ತಲಿಟ್ಟರೂ, ನಿಂತ ನೆಲವೇ ಗಿರಗಿರನೆ ತಿರುಗಿದರೂ, ನಡೆಯುವಾಗ ಜೋಲಿ ಹೊಡೆದರೂ ನಾವು ತಲೆಸುತ್ತು ಎಂದೇ ಹೇಳುತ್ತೇವೆ. ವೈದ್ಯೆ ಆ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ. ನಾವು ಅಲುಗಾಡದೆ ಇದ್ದರೂ ನಾವೋ ನಮ್ಮ ಸುತ್ತಲಿನದೋ ತಿರುಗಿದಂತೆ ಭಾಸವಾಗುವುದಕ್ಕೆ ಮಾತ್ರ ವರ್ಟಿಗೋ ಎನ್ನುತ್ತಾರೆ, ಅದು ಲಕ್ಷಣವೇ ಹೊರತು ಕಾಯಿಲೆಯ ಹೆಸರಲ್ಲ ಎಂದು ಅವರು ತಿಳಿಸಿದರು. ಆದರೆ ರೋಗಿ ತನ್ನ ಅನುಭವವನ್ನು ಬಣ್ಣಿಸುವ ಮಾತು ಇಂದು ಒಂದು, ನಾಳೆ ಒಂದು ಆಗುವುದರಿಂದ, ಒಮ್ಮೆ ಬಂದರೆ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬ ಎರಡು ಪ್ರಶ್ನೆಗಳನ್ನೇ ಅವರು ಹೆಚ್ಚು ನೆಚ್ಚಿಕೊಂಡಿದ್ದರು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ನನಗೆ ಬರುತ್ತಿತ್ತು, ಒಂದು ನಿಮಿಷದೊಳಗೆ ನಿಲ್ಲುತ್ತಿತ್ತು. ತಾಯಿಗೆ ಮಲಗಿದ್ದಾಗ ಏನೂ ಇರುತ್ತಿರಲಿಲ್ಲ. ಎದ್ದು ನಿಂತೊಡನೆ ಕಣ್ಣು ಕತ್ತಲಾಗಿ ಗೋಡೆ ಹಿಡಿಯಬೇಕಾಗುತ್ತಿತ್ತು. ಕಿವಿಯಲ್ಲಿ ಮೊರೆತ, ಕಿವಿ ಕಟ್ಟಿದಂತಾಗುವುದು, ಕೇಳಿಸುವುದು ಕಡಿಮೆಯಾಗುವುದು ಇವುಗಳೊಂದಿಗೆ ಗಂಟೆಗಟ್ಟಲೆ ಸುತ್ತು ಇರುತ್ತದೆಯೇ ಎಂದೂ ಕೇಳಿದರು, ಏಕೆಂದರೆ ಅದು ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯ ರೀತಿ. ದಿನಗಟ್ಟಲೆ ಬಿಡದೆ ಸುತ್ತುವುದಾದರೆ ಒಳಕಿವಿಯ ನರದ ಉರಿಯೂತವನ್ನೂ ಯೋಚಿಸಬೇಕಾಗುತ್ತದೆಯಂತೆ.

ನನ್ನ ಪರೀಕ್ಷೆಗೆ ಬೇಕಾದದ್ದು ಒಂದು ಮಂಚ. ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕವನ್ನು ಕಟ್ಟಿದ್ದರಾದರೂ ಅದಿಲ್ಲದೆಯೂ ಈ ಪರೀಕ್ಷೆಯನ್ನು ಮಾಡಬಹುದು. ನನ್ನನ್ನು ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಜೋತುಬೀಳುವಂತೆ ಬೇಗನೆ ಮಲಗಿಸಿದರು. “ಏನೇ ಆದರೂ ಕಣ್ಣು ಮುಚ್ಚಬೇಡಿ, ನಾನು ಹಿಡಿದುಕೊಂಡಿದ್ದೇನೆ” ಎಂದರು. ನಾಲ್ಕೈದು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಇಡೀ ಕೋಣೆ ಒಮ್ಮೆಲೇ ಉರುಳತೊಡಗಿತು. ನಾನು ಅವರ ಮಣಿಕಟ್ಟನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡೆ. ಅವರು ಗಟ್ಟಿಯಾಗಿ ಎಣಿಸುತ್ತಿದ್ದರು, ಇಪ್ಪತ್ತು ದಾಟುವಷ್ಟರಲ್ಲಿ ಎಲ್ಲವೂ ನಿಂತಿತು. ಬಳಿಕ ಪರದೆಯ ಮೇಲೆ ನನ್ನದೇ ಕಣ್ಣುಗುಡ್ಡೆ ತಿರುಚುತ್ತ ಮೇಲಕ್ಕೆ ಜಗ್ಗುತ್ತಿದ್ದುದನ್ನು ತೋರಿಸಿದಾಗ, ಮೂರು ವಾರದಿಂದ ಯಾರೂ ನಂಬದ ನನ್ನ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು.

ಒಳಕಿವಿಯಲ್ಲಿ ತಮ್ಮ ಜಾಗದಲ್ಲಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಕಳಚಿಕೊಂಡು ಅರ್ಧವೃತ್ತಾಕಾರದ ನಾಳದೊಳಗೆ ಸೇರಿದ್ದವು. ತಲೆ ಹೊರಳಿದಾಗ ಅವು ಅಲ್ಲಿಯ ದ್ರವವನ್ನು ಕದಲಿಸಿ, ತಲೆ ನಿಂತ ಮೇಲೂ ತಿರುಗುತ್ತಲೇ ಇದೆಯೆಂಬ ಸುಳ್ಳು ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತವೆ. ತಲೆಯ ಭಂಗಿ ಬದಲಾದಾಗ ಹೀಗೆ ಬಂದುಹೋಗುವ ವರ್ಟಿಗೋವನ್ನು ಇಂಗ್ಲಿಷಿನಲ್ಲಿ ಚುಟುಕಾಗಿ ಬಿಪಿಪಿವಿ ಎನ್ನುತ್ತಾರೆ. ಹರಳುಗಳು ಸಿಕ್ಕಿಕೊಂಡ ಜಾಗದಿಂದ ಹೊರಬರಲು ಮಾತ್ರೆ ಏನು ಮಾಡೀತು? ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಅವನ್ನು ಮರಳಿ ಕಳುಹಿಸುವ ಎಪ್ಲಿ ವಿಧಾನವನ್ನು ಅಲ್ಲೇ ಮಾಡಿದರು. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದಿಟ್ಟು, ಕೊನೆಗೆ ಎಡಮಗ್ಗುಲಾಗಿಸಿ ಮೆಲ್ಲನೆ ಎಬ್ಬಿಸಿದರು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ಮೊದಲು ಮಾಡಿದ ಆ ಮಂಚದ ಪರೀಕ್ಷೆಯನ್ನು ವಿವರಿಸಿದ್ದು 1952ರಲ್ಲಿ, ಜಾನ್ ಎಪ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದ್ದು 1992ರಲ್ಲಿ. ಇಷ್ಟು ಹಳೆಯದಾದ, ಹತ್ತು ನಿಮಿಷದ ಕೆಲಸಕ್ಕಾಗಿ ನಾನು ಮೂರು ವಾರ ಅಲೆದದ್ದು ಈಗಲೂ ನೋವು ತರುತ್ತದೆ.

ತಾಯಿಯನ್ನು ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿದರು. ನಿಲ್ಲಿಸಿ ಒಂದನೆಯ ನಿಮಿಷಕ್ಕೂ ಮೂರನೆಯ ನಿಮಿಷಕ್ಕೂ ಮತ್ತೆ ನೋಡಿದರು. ಮೇಲಿನ ಅಂಕಿ 148ರಿಂದ 122ಕ್ಕೆ ಇಳಿದಿತ್ತು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಂಭೀರವಾಗಿ ಎಣಿಸಬೇಕು. “ಅಮ್ಮಾ, ನಿಮ್ಮ ಕಿವಿ ಚೆನ್ನಾಗಿದೆ, ನಿಂತಾಗ ತಲೆಗೆ ರಕ್ತ ಸಾಲುತ್ತಿಲ್ಲ” ಎಂದು ವೈದ್ಯೆ ಸರಳವಾಗಿ ಹೇಳಿದರು. ಈ ಇಳಿತಕ್ಕೆ ತಾಯಿ ಸೇವಿಸುತ್ತಿದ್ದ ರಕ್ತದೊತ್ತಡದ ಮಾತ್ರೆಯೂ ಕಾರಣವಾಗಿರಬಹುದಾದರೂ ಅದರ ಪ್ರಮಾಣವನ್ನು ತಾವೇ ಬದಲಿಸದೆ, ಅದನ್ನು ಬರೆದುಕೊಟ್ಟ ವೈದ್ಯರಿಗೆ ಅಂಕಿಗಳ ಸಮೇತ ಪತ್ರ ಕೊಟ್ಟದ್ದು ಸರಿಯಾದ ನಡೆ. ಮೊದಲು ಕೊಟ್ಟಿದ್ದ ತಲೆಸುತ್ತಿನ ಮಾತ್ರೆಯನ್ನು ಇಬ್ಬರಿಗೂ ನಿಲ್ಲಿಸಿದರು. ಬೇಡದ ಸ್ಕ್ಯಾನ್ ಒಂದನ್ನೂ ಬರೆಯಲಿಲ್ಲ.

ಕೊರತೆಗಳೂ ಇವೆ. ಗೊತ್ತುಪಡಿಸಿದ ಸಮಯಕ್ಕಿಂತ ಎರಡು ಗಂಟೆ ಕಾಯಬೇಕಾಯಿತು. ತಲೆಸುತ್ತಿ ವಾಂತಿ ಬರುವ ಸ್ಥಿತಿಯಲ್ಲಿರುವವರಿಗೆ ಅದು ಸಣ್ಣ ಮಾತಲ್ಲ, ಅವರಿಗೆ ಒರಗಿಕೊಳ್ಳಲು ಒಂದು ಮಂಚವಾದರೂ ಬೇಕು. ಚಿಕಿತ್ಸೆಯ ಬಳಿಕ ಕೆಲವು ದಿನ ತೇಲಿದಂತೆ ಅನ್ನಿಸಬಹುದು ಎಂಬುದನ್ನು ನನಗೆ ಮೊದಲೇ ಹೇಳಿರಲಿಲ್ಲ. ಎರಡನೆಯ ದಿನ ಹೆದರಿ ಫೋನ್ ಮಾಡಿದರೆ ಸಂಜೆಯವರೆಗೆ ಯಾರೂ ಎತ್ತಲಿಲ್ಲ. ಇದು ಮರುಕಳಿಸಬಹುದಾದ ತೊಂದರೆಯಾದ್ದರಿಂದ ಮನೆಯಲ್ಲಿ ಮಾಡಿಕೊಳ್ಳುವ ಕ್ರಮದ ಹಾಳೆಯನ್ನೂ ಕೊಟ್ಟಿದ್ದರು, ಆದರೆ ಚಿತ್ರಗಳು ಎಷ್ಟು ಚಿಕ್ಕವೆಂದರೆ ತಲೆ ಯಾವ ಕಡೆಗಿದೆಯೆಂದೇ ತಿಳಿಯುವುದಿಲ್ಲ. ಬಲ, ಎಡ ತಪ್ಪಿದರೆ ಉಪಯೋಗವಾಗದ ಚಿಕಿತ್ಸೆಗೆ ಅಂತಹ ಹಾಳೆ ಸಲ್ಲದು.

ಹೋಗುವವರು ತಾವು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಯ್ಯಬೇಕು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬೇಕು. ಪರೀಕ್ಷೆ ಮುಗಿದ ಕೂಡಲೇ ವಾಹನ ಓಡಿಸುವ ಸ್ಥಿತಿಯಲ್ಲಿ ನಾನಂತೂ ಇರಲಿಲ್ಲ.