ಕೆಂಪು ಬೂಟು ನೋಡಿ 'ಸರ್ಕೇಸಿಯನ್ ಅರಸು' ಅಂತ ದುಡ್ಡು ಕೊಡಬೇಡಿ

ಹಳೇ ಅಚ್ಚುಚಿತ್ರಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರು ಇದನ್ನು ಓದಿ. ಸರ್ಕೇಸಿಯನ್ನರು ಅಂದರೆ ಕಪ್ಪು ಸಮುದ್ರದ ಪೂರ್ವಕ್ಕಿರುವ ಕಾಕಸಸ್ ಬೆಟ್ಟನಾಡಿನ ಜನ. ಯುರೋಪಿನ ಒಬ್ಬ ವ್ಯಾಪಾರಿ ನನಗೆ 'ಸರ್ಕೇಸಿಯನ್ ಅರಸು, 18ನೇ ಶತಮಾನ' ಅಂತ ಒಂದು ಬಣ್ಣದ ಚಿತ್ರ ಮಾರಿದ. ಚಿತ್ರದಲ್ಲಿದ್ದವನು ಅರಸನೂ ಅಲ್ಲ, ಸರ್ಕೇಸಿಯನ್ನನೂ ಅಲ್ಲ.

ಅರಸು ಅನ್ನೋದಕ್ಕೆ ಅವನು ತೋರಿಸಿದ ಸಾಕ್ಷಿ ಕೆಂಪು ಬೂಟು. ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಕಾಕಸಸ್‌ನ ಸರ್ಕೇಸಿಯನ್ನರಲ್ಲಿ ಮೇಲೆ 'ಪ್ಶಿ' ಎಂಬ ಅರಸು ಮನೆತನದವರು, ಅವರ ಕೆಳಗೆ 'ವರ್ಕ್' ಎಂಬ ಕುಲೀನ ಯೋಧರು, ಆಮೇಲೆ ಸ್ವತಂತ್ರ ರೈತರು, ಕೊನೆಗೆ ಜೀತದವರು, ಗುಲಾಮರು. ಅರಸರಿಗೆ ಕೆಂಪು ಚರ್ಮದ ಮೆಟ್ಟು, ವರ್ಕ್‌ಗಳಿಗೆ ಹಳದಿ, ಉಳಿದವರಿಗೆ ಬಣ್ಣವಿಲ್ಲದ ಚರ್ಮ ಅಂತ 19ನೇ ಶತಮಾನದ ಶುರುವಿನ ಪ್ರವಾಸಿಗರು ಬರೆದಿದ್ದಾರೆ. ಎದೆಯ ಮೇಲೆ ಕೋವಿಮದ್ದಿನ ಕೊಳವೆಗಳ ಸಾಲಿರುವ 'ಚೆರ್ಕೆಸ್ಕಾ' ಕೋಟಿನಿಂದ ಅಂತಸ್ತು ಗೊತ್ತಾಗೋದಿಲ್ಲ. ಬಡವನದೂ ಹೆಚ್ಚುಕಮ್ಮಿ ಅದೇ ಕೋಟು. ವ್ಯತ್ಯಾಸ ಬಟ್ಟೆಯಲ್ಲಿ, ಬೆಳ್ಳಿಯಲ್ಲಿ, ಆಯುಧದಲ್ಲಿ.

ಆದರೆ ಆ ಕಾಲದ ಎಷ್ಟೋ ಚಿತ್ರಗಳು ಕಪ್ಪು ಶಾಯಿಯಲ್ಲೇ ಅಚ್ಚಾದವು. ಬಣ್ಣ ಆಮೇಲೆ ಕೈಯಲ್ಲಿ ಹಚ್ಚಿದ್ದು. ಆಗಲೇ ಹಚ್ಚಿರಬಹುದು, ಹೋದ ವರ್ಷವೂ ಹಚ್ಚಿರಬಹುದು! ನನ್ನದರಲ್ಲಿ ಹಳೇ ಕಾಗದದ ಕಂದು ಚುಕ್ಕೆಗಳ ಮೇಲೆ ಕೆಂಪು ಕೂತಿತ್ತು. ಅಂದರೆ ಬಣ್ಣ ಚುಕ್ಕೆಗಿಂತ ಹೊಸದು, ಅಲ್ವಾ?

1793-94ರಲ್ಲಿ ಆ ಕಡೆ ಓಡಾಡಿದ ಜರ್ಮನ್ ನಿಸರ್ಗ ವಿಜ್ಞಾನಿ ಪಲ್ಲಾಸ್‌ನ ಪುಸ್ತಕದ ಹಾಳೆ ಅಂತಲೂ ವ್ಯಾಪಾರಿ ಹೇಳಿದ್ದ. ಆ ಪುಸ್ತಕದ ಚಿತ್ರಗಳು ತಾಮ್ರದ ತಗಡಿನಿಂದ ಅಚ್ಚಾದವು. ಅಂಥ ಹಾಳೆಯಲ್ಲಿ ಸಾಮಾನ್ಯವಾಗಿ ತಗಡು ಒತ್ತಿದ ಅಂಚು ಬೆರಳಿಗೆ ಸಿಗುತ್ತದೆ. ಇದರಲ್ಲಿ ಅಂಚೇ ಇಲ್ಲ, ಇದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಒತ್ತಿದ ಲಿಥೋಗ್ರಾಫ್. ಕಲ್ಲಚ್ಚು ಹುಟ್ಟಿದ್ದೇ 1790ರ ದಶಕದ ಕೊನೆಯಲ್ಲಿ.

ಅನುಮಾನ ಬಂದು ಚಿತ್ರದ ಸುತ್ತಲಿನ ರಟ್ಟಿನ ಮೌಂಟ್ ಬಿಚ್ಚಿದೆ. ಅದರಡಿ ಮುಚ್ಚಿಹೋಗಿದ್ದ ಶೀರ್ಷಿಕೆ ಫ್ರೆಂಚ್‌ನಲ್ಲಿ ನೀಟಾಗಿ ಹೇಳುತ್ತಿತ್ತು: ಕೊಸ್ಯಾಕ್, ಅಂದರೆ ರಷ್ಯಾದ ಪರ ಕಾದಾಡುತ್ತಿದ್ದ ಕುದುರೆ ಸೈನಿಕ. ಸರ್ಕೇಸಿಯನ್ನರ ಮೇಲೆ ಯುದ್ಧ ಮಾಡಿದ ಈ ಕೊಸ್ಯಾಕರು ಅವರದೇ ಉಡುಪು ಹಾಕಿಕೊಂಡರು ಅನ್ನೋದು ಇತಿಹಾಸದ ವಿಚಿತ್ರ. 1864ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಬಹುಪಾಲು ಸರ್ಕೇಸಿಯನ್ನರು ಊರು ಬಿಟ್ಟು ಒಟ್ಟೋಮನ್ ನಾಡಿಗೆ ಹೋಗಬೇಕಾಯಿತು. ಕೋಟು ಮಾತ್ರ ಅಲ್ಲೇ ಉಳಿಯಿತು, ಗೆದ್ದವರ ಮೈಮೇಲೆ.

ದುಡ್ಡು ವಾಪಸ್ ಕೇಳಿದೆ. 'ಉಡುಪು ಸರ್ಕೇಸಿಯನ್ನರದೇ ತಾನೆ?' ಅಂದ. ಮೇಲಾಗಿ ಮೌಂಟ್ ಬಿಚ್ಚಿದರೆ ವಾಪಸಾತಿ ಇಲ್ಲವಂತೆ. ಬಿಚ್ಚದೆ ಮೋಸ ಗೊತ್ತಾಗೋದು ಹೇಗೆ ಸ್ವಾಮಿ? ಕಸ್ಟಮ್ಸ್ ಸುಂಕವೂ ಹೋಯಿತು.

ದುಡ್ಡು ಕಳಿಸುವ ಮೊದಲೇ ಮೌಂಟ್ ತೆಗೆದ ಇಡೀ ಹಾಳೆಯ ಫೋಟೋ ಕೇಳಿ, ಹಿಂಬದಿಯದೂ ಸೇರಿ. ಪುಸ್ತಕದ ಹೆಸರು ಹೇಳಿದರೆ ದೊಡ್ಡ ಗ್ರಂಥಾಲಯಗಳ ಸ್ಕ್ಯಾನ್ ಪ್ರತಿಯಲ್ಲಿ ಆ ಚಿತ್ರ ಹುಡುಕಿ. ಅದೇ ವ್ಯಾಪಾರಿ ಈಗ 'ಸರ್ಕೇಸಿಯನ್ ರಾಜಕುಮಾರಿ' ಅಂತ ಇನ್ನೊಂದು ಮಾರಾಟಕ್ಕೆ ಹಾಕಿದ್ದಾನೆ. ಅದಕ್ಕೂ ಮೌಂಟ್ ಇದೆ, ಶೀರ್ಷಿಕೆ ಕಾಣೋದಿಲ್ಲ.