ಗೂಗಲ್ ಬಿಸಿನೆಸ್ ಪ್ರೊಫೈಲ್: ಸಣ್ಣ ಅಂಗಡಿಗೆ ಎಷ್ಟು ಉಪಯೋಗ, ಎಲ್ಲಿ ಕೈ ಕೊಡುತ್ತದೆ

ಅಂಕ: 5ಕ್ಕೆ ಮೂರೂವರೆ. ಬೆಲೆ: ಬಿಡಿಗಾಸೂ ಇಲ್ಲ. ಯಾರಿಗೆ ಬೇಕು: ಬಾಗಿಲು ತೆಗೆದು ಕೂರುವ ಯಾರಿಗೇ ಆದರೂ. ದರ್ಶಿನಿ, ಟೈಲರ್, ಹಿಟ್ಟಿನ ಗಿರಣಿ, ಬೇಕರಿ, ಸ್ಕೂಟರ್ ಗ್ಯಾರೇಜ್, ಹಲ್ಲಿನ ಡಾಕ್ಟರು. ಯಾರಿಗೆ ಬೇಡ: ಮನೆಯಲ್ಲಿ ಕೋಡುಬಳೆ, ಚಟ್ನಿಪುಡಿ ಮಾಡಿ ಬರೀ ಕೊರಿಯರ್‌ನಲ್ಲಿ ಕಳಿಸುವವರಿಗೆ. ಗಿರಾಕಿಯನ್ನು ಎದುರಾಎದುರು ಭೇಟಿಯಾಗದ, ಆನ್‌ಲೈನ್‌ನಲ್ಲಷ್ಟೇ ನಡೆಯುವ ವ್ಯಾಪಾರಕ್ಕೆ ಗೂಗಲ್ ನಿಯಮದ ಪ್ರಕಾರ ಇಲ್ಲಿ ಜಾಗವೇ ಇಲ್ಲ. ನೀವೇ ಮನೆಮನೆಗೆ ತಲುಪಿಸುತ್ತೀರಾದರೆ ಮಾತು ಬೇರೆ. ಆಗ ವಿಳಾಸ ಮುಚ್ಚಿಟ್ಟು, ಓಡಾಡುವ ಪ್ರದೇಶಗಳನ್ನು ಮಾತ್ರ ಕೊಡಬೇಕು, 20ರವರೆಗೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮ್ಯಾಪ್‌ನಲ್ಲಿ ಅಂಗಡಿ ಹೆಸರು ಒತ್ತಿದರೆ ಫೋಟೊ, ಸಮಯ, ಫೋನ್ ಗುಂಡಿ, ನಕ್ಷತ್ರಗಳು ಬರುತ್ತವಲ್ಲ, ಅದೇ ಇದು. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಅಂತ ಬಂತು, 2021ರ ನವೆಂಬರ್‌ನಲ್ಲಿ ಈಗಿನ ಹೆಸರಾಯಿತು, ಮರುವರ್ಷ ಪ್ರತ್ಯೇಕ ಆ್ಯಪ್ ಮುಚ್ಚಿತು. ಈಗ ಸರ್ಚ್ ಅಥವಾ ಮ್ಯಾಪ್ ಒಳಗಿಂದಲೇ ಎಲ್ಲ. 2024ರ ಮಾರ್ಚ್‌ನಲ್ಲಿ ಇದರ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟನ್ನು ನಿಲ್ಲಿಸಿದರು, ಅದೇ ಜುಲೈ 31ಕ್ಕೆ ಚಾಟ್ ಕೂಡ ಹೋಯಿತು. ಆ ವೆಬ್‌ಸೈಟ್ ವಿಳಾಸವನ್ನು ಕ್ಯಾರಿಬ್ಯಾಗಿನ ಮೇಲೆ ಸಾವಿರಗಟ್ಟಲೆ ಅಚ್ಚು ಹಾಕಿಸಿದ್ದವರ ಪಾಡು ನೆನೆಸಿಕೊಳ್ಳಿ. ಅಚ್ಚಿಗೆ ಹೋಗುವುದರಲ್ಲಿ ನಿಮ್ಮದೇ ಫೋನ್ ನಂಬರ್ ಇರಲಿ, ಬೇರೆಯವರ ಮನೆಯ ಬಾಗಿಲ ಸಂಖ್ಯೆ ಬೇಡ. ಚಾಟ್ ಹೋದ ಮೇಲೆ ವಾಟ್ಸಾಪ್ ಕೊಂಡಿ ಹಾಕಲು ಜಾಗ ಕೊಟ್ಟಿದ್ದಾರೆ. ನಮ್ಮ ಜನಕ್ಕೆ ಅದೇ ಮೇಲು.

ಬಹಳ ಜನ ಎಡವುವುದು ದೃಢೀಕರಣದಲ್ಲಿ, ಅಂದರೆ ಅಂಗಡಿ ನಿಜಕ್ಕೂ ಇದೆ, ಅದು ನಿಮ್ಮದೇ ಅಂತ ಗೂಗಲ್‌ಗೆ ತೋರಿಸಿಕೊಡುವುದರಲ್ಲಿ. ಹಿಂದೆ ಪೋಸ್ಟ್ ಕಾರ್ಡಿನಲ್ಲಿ ಕೋಡ್ ಬರುತ್ತಿತ್ತು, ಈಗ ಹೆಚ್ಚಾಗಿ ವಿಡಿಯೊ ಕೇಳುತ್ತದೆ. ಅದರಲ್ಲಿ ಮೂರು ವಿಷಯ ಕಾಣಬೇಕು: ಅಂಗಡಿ ಈ ಜಾಗದಲ್ಲೇ ಇದೆ, ಇಲ್ಲಿ ಈ ವ್ಯಾಪಾರವೇ ನಡೆಯುತ್ತಿದೆ, ಚಿತ್ರ ತೆಗೆಯುತ್ತಿರುವವರಿಗೆ ಒಳಗೆ ಅಧಿಕಾರ ಇದೆ. ಎಡಿಟ್ ಮಾಡಿದ ವಿಡಿಯೊ ನಡೆಯುವುದಿಲ್ಲ, 30 ಸೆಕೆಂಡಿಗಿಂತ ಕಡಿಮೆ ಇರಬಾರದು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತೇ ಸರಿಯಾದ ಹೊತ್ತು. ರಸ್ತೆಯ ಹೆಸರಿನ ಫಲಕದಿಂದ ಶುರು ಮಾಡಿ, ಪಕ್ಕದ ಬ್ಯಾಂಕೋ ದೇವಸ್ಥಾನವೋ ಕಾಣುವ ಹಾಗೆ ಬನ್ನಿ. ನಿಮ್ಮ ನಾಮಫಲಕದ ಮೇಲೆ ನಾಲ್ಕು ಸೆಕೆಂಡ್ ನಿಲ್ಲಿ. ಬೀಗಕ್ಕೆ ಕೀಲಿ ಹಾಕಿ ಶಟರ್ ಎತ್ತುವುದನ್ನು ತೋರಿಸಿ, ಒಳಗೆ ಗಲ್ಲಾಪೆಟ್ಟಿಗೆ, ಸರಕು, ತೂಕದ ಯಂತ್ರ, ಕೊನೆಗೆ ಗೋಡೆಯ ಮೇಲಿನ ಟ್ರೇಡ್ ಲೈಸೆನ್ಸ್. ಮುಖಗಳು, ಬ್ಯಾಂಕ್ ಖಾತೆ ಸಂಖ್ಯೆ ಬರಬಾರದು. ಎರಡು ನಿಮಿಷ ಬೇಕಾದಷ್ಟಾಯಿತು.

ಯಾಕೆ ತಿರಸ್ಕಾರವಾಗುತ್ತದೆ? ರಾತ್ರಿ ತೆಗೆದ ವಿಡಿಯೊದಲ್ಲಿ ಎಲ್‌ಇಡಿ ಬೋರ್ಡು ಬರೀ ಬೆಳಕಿನ ಉಂಡೆಯಾಗಿ ಕಾಣುತ್ತದೆ. ಗಟ್ಟಿ ಬೋರ್ಡಿನ ಬದಲು ಹಗ್ಗದಲ್ಲಿ ಕಟ್ಟಿದ ಫ್ಲೆಕ್ಸ್ ಇರುತ್ತದೆ. ಅರ್ಜಿಯಲ್ಲಿ ಒಂದು ಹೆಸರು, ಫಲಕದ ಮೇಲೆ ಇನ್ನೊಂದು. ಇಲ್ಲವೇ ಅಪ್‌ಲೋಡ್ ಅರ್ಧಕ್ಕೆ ನಿಂತದ್ದು ಗೊತ್ತಾಗದೆ ಪುಟ ಮುಚ್ಚಿರುತ್ತಾರೆ. ವೈಫೈ ಇರುವ ಕಡೆ ಕಳಿಸಿ, ಮುಗಿಯುವವರೆಗೆ ಆ ಪುಟ ಬಿಟ್ಟು ಆಚೀಚೆ ಹೋಗಬೇಡಿ. ಪರಿಶೀಲನೆಗೆ ಐದು ಕೆಲಸದ ದಿನಗಳವರೆಗೆ ಹಿಡಿಯಬಹುದು. ಹೆಸರು, ವಿಳಾಸ ಎಲ್ಲ ಸರಿ ಮಾಡಿಕೊಂಡೇ ದೃಢೀಕರಣಕ್ಕೆ ಕೈ ಹಾಕಿ. ಆಮೇಲೆ ಬದಲಿಸಿದರೆ ಮತ್ತೆ ಮೊದಲಿಂದ ವಿಡಿಯೊ ಕೇಳಬಹುದು.

ಹೆಸರಿನ ವಿಷಯಕ್ಕೆ ಬರೋಣ. ಫಲಕದ ಮೇಲೆ ಏನಿದೆಯೋ ಅಷ್ಟೇ ಹಾಕಬೇಕು. ಫಲಕದಲ್ಲಿ ‘ಶ್ರೀ ಗುರು ಟೈಲರ್ಸ್’ ಅಂತಿದ್ದು ಪ್ರೊಫೈಲ್‌ನಲ್ಲಿ ‘ಶ್ರೀ ಗುರು ಟೈಲರ್ಸ್ ಬೆಸ್ಟ್ ಲೇಡೀಸ್ ಬ್ಲೌಸ್ ಡಿಸೈನರ್ ವಿಜಯನಗರ’ ಅಂತ ಎಳೆದರೆ ಕೆಲವು ತಿಂಗಳು ಮೇಲೆ ಕಾಣಿಸಿಕೊಳ್ಳಬಹುದು, ಪಕ್ಕದ ಅಂಗಡಿಯವನು ದೂರು ಕೊಟ್ಟ ದಿನ ಪ್ರೊಫೈಲೇ ಅಮಾನತಾಗಬಹುದು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ. ಹೊಸ ಬೋರ್ಡು ಬರೆಸುವಾಗಲೇ ಕನ್ನಡದ ಹೆಸರೂ ಇಂಗ್ಲಿಷಿನ ಹೆಸರೂ ಉಚ್ಚಾರದಲ್ಲಿ ಒಂದೇ ಇರುವಂತೆ ನೋಡಿಕೊಳ್ಳಿ. ಕನ್ನಡದಲ್ಲಿ ‘ಅನ್ನಪೂರ್ಣ ಉಪಾಹಾರ ಗೃಹ’, ಇಂಗ್ಲಿಷಿನಲ್ಲಿ ‘ಅನ್ನಪೂರ್ಣ ಫುಡ್ಸ್’ ಅಂತ ಇಟ್ಟುಕೊಂಡರೆ ಯಾವುದು ನಿಜವಾದ ಹೆಸರು ಅಂತ ಯಂತ್ರಕ್ಕೂ ಗೊಂದಲ, ಗಿರಾಕಿಗೂ ಗೊಂದಲ.

ವರ್ಗದ ಆಯ್ಕೆಗೆ ಜನ ಅರ್ಧ ನಿಮಿಷವೂ ಕೊಡುವುದಿಲ್ಲ, ಆದರೆ ಯಾವ ಹುಡುಕಾಟದಲ್ಲಿ ನೀವು ಕಾಣಬೇಕು ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಮುಖ್ಯ ವರ್ಗ ಒಂದು, ಜೊತೆಗೆ ಒಂಬತ್ತರವರೆಗೆ. ಇಡ್ಲಿ, ದೋಸೆಯ ಹೋಟೆಲಿಗೆ ಬರೀ ‘ರೆಸ್ಟೋರೆಂಟ್’ ಅಂತ ಕೊಟ್ಟರೆ ಇಡೀ ಊರಿನ ಬಿರಿಯಾನಿ ಹೋಟೆಲುಗಳ ಜೊತೆ ಸಾಲಿನಲ್ಲಿ ನಿಂತ ಹಾಗೆ. ‘ಸೌತ್ ಇಂಡಿಯನ್ ರೆಸ್ಟೋರೆಂಟ್’ ಮುಖ್ಯ, ‘ವೆಜಿಟೇರಿಯನ್ ರೆಸ್ಟೋರೆಂಟ್’ ಜೊತೆಗೆ. ಬ್ರೆಡ್ಡು, ಬನ್ನು, ಖಾರದ ಬಿಸ್ಕತ್ತೇ ಮುಖ್ಯವಾದ ಅಯ್ಯಂಗಾರ್ ಬೇಕರಿಗೆ ‘ಬೇಕರಿ’ ಮೊದಲು. ಮೈಸೂರು ಪಾಕ್, ಜಹಾಂಗೀರ್ ಹೆಚ್ಚು ಹೋಗುವ ಅಂಗಡಿಗೆ ‘ಇಂಡಿಯನ್ ಸ್ವೀಟ್ಸ್ ಶಾಪ್’ ಮೊದಲು. ಹತ್ತೂ ಖಾನೆ ತುಂಬಿಸಲೇಬೇಕು ಅಂತೇನಿಲ್ಲ, ಮೂರ್ನಾಲ್ಕು ಸಾಕು. 750 ಅಕ್ಷರದ ವಿವರಣೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ಕೊಂಡಿ ಹಾಕುವಂತಿಲ್ಲ, ಆಫರ್ ಬರೆಯುವಂತಿಲ್ಲ, ಓದುವವರೂ ಕಡಿಮೆ.

ಬೆಂಗಳೂರಿನಲ್ಲಿ ವಿಳಾಸಕ್ಕಿಂತ ಪಿನ್ ಮುಖ್ಯ. ಅಂಚೆಯ ಪಿನ್‌ಕೋಡ್ ಅಲ್ಲ, ಮ್ಯಾಪ್‌ನಲ್ಲಿ ಅಂಗಡಿಯ ಜಾಗ ತೋರಿಸುವ ಗುರುತು. 4ನೇ ಬ್ಲಾಕ್ ಜಯನಗರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ, ಕೋರಮಂಗಲದಲ್ಲೂ ಇದೆ. 5ನೇ ಕ್ರಾಸ್ ಇಲ್ಲದ ಬಡಾವಣೆಯನ್ನು ಹುಡುಕಿ ತೋರಿಸಿ ನೋಡೋಣ. ವಿಳಾಸ ಟೈಪ್ ಮಾಡಿ ಬಿಟ್ಟರೆ ಪಿನ್ ಹಿಂದಿನ ರಸ್ತೆಗೆ ಬೀಳುವುದು ಮಾಮೂಲು. ಉಪಗ್ರಹ ನೋಟಕ್ಕೆ ಹೋಗಿ, ಕಟ್ಟಡದ ಮಧ್ಯಕ್ಕಲ್ಲ, ಬಾಗಿಲಿರುವ ಬದಿಗೆ ಎಳೆದು ಬಿಡಿ. ಏಕಮುಖ ಸಂಚಾರದ ರಸ್ತೆಯಲ್ಲಿ ಹತ್ತು ಮೀಟರ್ ತಪ್ಪಿದರೆ ಆಟೊದವನು ಒಂದು ಸುತ್ತು ಹೊಡೆದು ಬರಬೇಕು. ಹಳ್ಳಿಯಲ್ಲಿ ರಸ್ತೆಗೆ ಹೆಸರೇ ಇಲ್ಲದಿದ್ದರೆ ಪ್ಲಸ್ ಕೋಡ್, ಅಂದರೆ ವಿಳಾಸದ ಬದಲು ಜಾಗವನ್ನು ಗುರುತಿಸುವ ಚಿಕ್ಕ ಸಂಕೇತ, ಕೈ ಹಿಡಿಯುತ್ತದೆ. ಮ್ಯಾಪ್‌ನಲ್ಲಿ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಬರುತ್ತದೆ, ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು.

ನಿತ್ಯದ ಬಳಕೆಯಲ್ಲಿ ಸಮಯದ ಖಾನೆಗಿಂತ ಬೆಲೆಬಾಳುವುದು ಬೇರೆ ಇಲ್ಲ. ‘ತೆರೆದಿದೆ’ ಅಂತ ನೋಡಿ ಬಂದವರಿಗೆ ಶಟರ್ ಎಳೆದಿರುವುದು ಕಂಡರೆ ಒಂದು ನಕ್ಷತ್ರ ಗ್ಯಾರಂಟಿ, ಅದನ್ನು ಅಳಿಸಲೂ ಆಗುವುದಿಲ್ಲ, ಯಾಕೆಂದರೆ ಅವರು ಹೇಳಿದ್ದು ನಿಜ. ಮಧ್ಯಾಹ್ನ ಮುಚ್ಚುವವರು ಒಂದೇ ದಿನಕ್ಕೆ ಎರಡು ಸಾಲು ಹಾಕಬಹುದು: 7ರಿಂದ 12, 4ರಿಂದ 9. ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿಗೆ ‘ವಿಶೇಷ ಸಮಯ’ ಅಂತ ಬೇರೆ ಖಾನೆಯೇ ಇದೆ. ಹೊಸ ಕ್ಯಾಲೆಂಡರ್ ಗೋಡೆಗೆ ಬಿದ್ದ ದಿನ ಅದನ್ನು ಮುಂದಿಟ್ಟುಕೊಂಡು ಇಡೀ ವರ್ಷದ್ದನ್ನು ತುಂಬಿಬಿಟ್ಟರೆ ಆಯಿತು. ಹತ್ತು ದಿನ ಊರಿಗೆ ಹೋಗುವಾಗ ‘ತಾತ್ಕಾಲಿಕವಾಗಿ ಮುಚ್ಚಿದೆ’ ಹಾಕಿ. ‘ಶಾಶ್ವತವಾಗಿ’ ಗುಂಡಿ ಅದರ ಪಕ್ಕದಲ್ಲೇ ಇರುತ್ತದೆ, ಹುಷಾರು.

ಇನ್ನೊಂದು ಕಾಟ: ದಾರಿಹೋಕರೂ ತಿದ್ದುಪಡಿ ಸೂಚಿಸಬಹುದು. ಫೋನ್ ನಂಬರ್, ಸಮಯ, ಕೊನೆಗೆ ‘ಮುಚ್ಚಿಹೋಗಿದೆ’ ಅಂತ ಕೂಡ. ಗೂಗಲ್‌ಗೆ ನಂಬಿಕೆ ಬಂದರೆ ಮಾಲೀಕರು ಒಪ್ಪುವ ಮುಂಚೆಯೇ ಜನರಿಗೆ ಕಾಣಿಸಿಬಿಡುತ್ತದೆ. ವಾರಕ್ಕೊಮ್ಮೆ, ಸೋಮವಾರ ಅಂತಲೇ ಇಟ್ಟುಕೊಳ್ಳಿ, ಬೇರೆಯವರ ಫೋನಿನಿಂದ ನಿಮ್ಮ ಅಂಗಡಿಯನ್ನು ಹುಡುಕಿ ನೋಡಿ. ಅರ್ಧ ಅಂಕ ಕಳೆದದ್ದು ಇದಕ್ಕೇ.

ಫೋಟೊಗಳು ಜೆಪಿಜಿ ಅಥವಾ ಪಿಎನ್‌ಜಿ, 5 ಎಂಬಿ ಒಳಗೆ, 720 ಗುಣಿಸು 720 ಪಿಕ್ಸೆಲ್ ಇದ್ದರೆ ಚೆನ್ನ. ರಸ್ತೆಯ ಆಚೆಯಿಂದ ತೆಗೆದ ಹಗಲಿನ ಮುಂಭಾಗ ಒಂದು, ಒಳಗಿನ ಎರಡು, ಬೆಲೆಪಟ್ಟಿ ಒಂದು, ಹೆಚ್ಚು ಮಾರಾಟವಾಗುವ ಆರು ಸಾಮಾನು. ಬೆಲೆಪಟ್ಟಿಯದ್ದು ಬೆಲೆ ಏರಿಸಿದ ದಿನವೇ ಬದಲಾಗಬೇಕು, ಇಲ್ಲದಿದ್ದರೆ ಹಳೆಯ 40 ರೂಪಾಯಿ ಮಸಾಲೆದೋಸೆ ತೋರಿಸಿ ಜಗಳಕ್ಕೆ ನಿಲ್ಲುವವರು ಇದ್ದೇ ಇರುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಹಬ್ಬದ ಶುಭಾಶಯದ ಚಿತ್ರ ಹಾಕುವುದನ್ನು ದಯವಿಟ್ಟು ಬಿಡಿ. ‘ಅಪ್‌ಡೇಟ್’ ಪೋಸ್ಟುಗಳು 1500 ಅಕ್ಷರದವರೆಗೆ ಹೋಗುತ್ತವೆ, ಪಠ್ಯದಲ್ಲಿ ಫೋನ್ ನಂಬರ್ ಇದ್ದರೆ ತಿರಸ್ಕಾರವಾಗಬಹುದು. ತಿಂಗಳಿಗೆ ಎರಡು ಹಾಕಿದರೆ ಸಾಕು, ದಿನಾ ಹಾಕಿದರೆ ಮೇಲೆ ಬರುತ್ತೀರಿ ಅನ್ನುವುದು ಮಾರ್ಕೆಟಿಂಗ್ ಏಜೆನ್ಸಿಯವರ ಮಾತು. ಗೂಗಲ್ ತಾನೇ ಹೇಳುವ ಅಳತೆಗೋಲು ಮೂರು: ಹುಡುಕಿದ್ದಕ್ಕೆ ಎಷ್ಟು ಸರಿಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರಿದೆ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮುಂದೆ ಹೋಗಲಾಗದು. ಜಾಹೀರಾತು ಬೇರೆ ಬಾಬತ್ತು.

ನಕ್ಷತ್ರಗಳ ಲೋಕ ಮಾತ್ರ ವಿಚಿತ್ರ. ಗಾಂಧಿ ಬಜಾರಿನ ಅಂಗಡಿಗೆ ‘ಪಾರ್ಕಿಂಗ್ ಇಲ್ಲ’ ಅಂತ ಒಂದು ನಕ್ಷತ್ರ, ಅದೇನೋ ಅಂಗಡಿಯವನೇ ರಸ್ತೆ ಅಗಲ ಮಾಡಿಸಬೇಕಿತ್ತು ಅನ್ನುವ ಹಾಗೆ. ಎರಡನೇ ಸಲ ಚಟ್ನಿ ಹಾಕಲಿಲ್ಲ ಅಂತ ಎರಡು ನಕ್ಷತ್ರ. ಇಂಥವನ್ನು ತೆಗೆಸಲಾಗದು. ಬೈಗುಳ, ಸಂಬಂಧವಿಲ್ಲದ ವಿಷಯ, ಪೈಪೋಟಿಯವರ ನಕಲಿ ಖಾತೆ ಇವಕ್ಕೆ ಮಾತ್ರ ವರದಿ ಮಾಡುವ ದಾರಿ ಇದೆ, ಒಪ್ಪದಿದ್ದರೆ ಒಮ್ಮೆ ಮೇಲ್ಮನವಿ. ಉತ್ತರ ಬರೆಯುವಾಗ ಜಗಳಗಂಟನಿಗಲ್ಲ, ನಾಳೆ ಓದುವ ಗಿರಾಕಿಗೆ ಬರೆಯಿರಿ. ಮೂರು ಸಾಲು: ಏನಾಯಿತು, ಏನು ಸರಿಮಾಡಿದ್ದೀರಿ, ಯಾವ ಹೊತ್ತಿಗೆ ಬಂದರೆ ಅನುಕೂಲ. ‘ಐದು ನಕ್ಷತ್ರ ಕೊಟ್ಟರೆ ಒಂದು ಕಾಫಿ ಪುಕ್ಕಟೆ’ ಎಂಬ ಬೋರ್ಡು ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ಸಲ್ಲದು. ವಿಮರ್ಶೆಯ ಕ್ಯೂಆರ್ ಕೋಡನ್ನು ಬಿಲ್ ಕೊಡುವ ಜಾಗದಲ್ಲಿ ಅಂಟಿಸಿ, ಆದರೆ ಯುಪಿಐ ಕೋಡಿನ ಪಕ್ಕದಲ್ಲಿ ಬೇಡ. ಜನ ಅದನ್ನೇ ಸ್ಕ್ಯಾನ್ ಮಾಡಿ ದುಡ್ಡು ಹೋಗುತ್ತಿಲ್ಲ ಅಂತ ನಿಲ್ಲುತ್ತಾರೆ.

‘ಕಾರ್ಯಕ್ಷಮತೆ’ ಪುಟದ ಅಂಕಿಗಳನ್ನು ಅರ್ಧ ನಂಬಿ. ಕರೆಗಳ ಲೆಕ್ಕ ಅಂದರೆ ಗುಂಡಿ ಒತ್ತಿದವರ ಲೆಕ್ಕ, ಮಾತಾಡಿದವರದ್ದಲ್ಲ. ದಾರಿ ಕೇಳಿದವರ ಸಂಖ್ಯೆ ಹೆಚ್ಚು ಉಪಯುಕ್ತ, ಏರಿಳಿತ ನೋಡಲು. ಜನ ಯಾವ ಪದ ಹುಡುಕಿ ಬಂದರು ಎಂಬ ಪಟ್ಟಿ ನಿಜಕ್ಕೂ ಚಿನ್ನ. ಟೈಲರ್ ಅಂಗಡಿಗೆ ‘ಫಾಲ್ ಪೀಕೊ’ ಹುಡುಕಿ ಬರುತ್ತಿದ್ದಾರೆ ಅಂತ ಗೊತ್ತಾದರೆ ಅದನ್ನು ಸೇವೆಗಳ ಪಟ್ಟಿಗೆ ಬೆಲೆ ಸಮೇತ ಸೇರಿಸಿ.

ಉಳಿದ ಒಂದು ಅಂಕ ಹೋದದ್ದು ಅಮಾನತಿಗೆ. ಕಾರಣವನ್ನು ಬಿಡಿಸಿ ಹೇಳುವುದಿಲ್ಲ, ಮಾತಾಡಲು ಮನುಷ್ಯರು ಸಿಗುವುದು ಕಷ್ಟ. ಮೇಲ್ಮನವಿ ಸಲ್ಲಿಸಿದ ಮೇಲೆ ದಾಖಲೆ ಸೇರಿಸಲು 60 ನಿಮಿಷ ಮಾತ್ರ. ಹಾಗಾಗಿ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ಅಥವಾ ಉದ್ಯಮ್ ಪ್ರಮಾಣಪತ್ರ, ಅಂಗಡಿ ವಿಳಾಸದ ಬೆಸ್ಕಾಂ ಅಥವಾ ಹೆಸ್ಕಾಂ ಬಿಲ್ಲು, ಇಷ್ಟನ್ನೂ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡೇ ಗುಂಡಿ ಒತ್ತಿ. ಪ್ರೊಫೈಲ್ ಹೋಯಿತು ಅಂತ ಸಿಟ್ಟಿನಲ್ಲಿ ಹೊಸದು ಮಾಡಿದರೆ ನಕಲು ಅಂತ ಅದೂ ಹೋಗುತ್ತದೆ. ಅಂಗಡಿ ಬೇರೆ ರಸ್ತೆಗೆ ಸ್ಥಳಾಂತರವಾದಾಗಲೂ ಅಷ್ಟೇ, ಹಳೆಯದರಲ್ಲೇ ವಿಳಾಸ ಬದಲಿಸಿ, ವಿಮರ್ಶೆಗಳು ಉಳಿಯುತ್ತವೆ. ಇನ್ನು, ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, 2,999 ಕಟ್ಟದಿದ್ದರೆ ಲಿಸ್ಟಿಂಗ್ ತೆಗೆಯುತ್ತೇವೆ’ ಎಂಬ ಥರದ ಕರೆ ಬಂದರೆ ಫೋನ್ ಇಡಿ. ಪ್ರೊಫೈಲ್‌ಗೆ ಶುಲ್ಕವೇ ಇಲ್ಲ. ಬಂದ ಕೋಡನ್ನಂತೂ ಯಾರಿಗೂ ಹೇಳಬೇಡಿ.

ಕೊನೆಯದಾಗಿ ಒಡೆತನ. ಪ್ರೊಫೈಲನ್ನು ಅಂಗಡಿಯ ಹುಡುಗನ ಅಥವಾ ಏಜೆನ್ಸಿಯವರ ಜಿಮೇಲ್‌ನಲ್ಲಿ ತೆರೆಯಬೇಡಿ. ಮುಖ್ಯ ಮಾಲೀಕ ನೀವು, ಅವರು ‘ಮ್ಯಾನೇಜರ್’. ಹುಡುಗ ಕೆಲಸ ಬಿಟ್ಟು ಹೋದ ಮೇಲೆ ಒಡೆತನ ಕೋರಿ ಅರ್ಜಿ ಹಾಕಿದರೆ ಅವನಿಗೆ ಉತ್ತರಿಸಲು ಮೂರು ದಿನ ಕೊಡುತ್ತಾರೆ, ನಂತರ ಮತ್ತೆ ದೃಢೀಕರಣದ ತಿರುಗಾಟ. ಅಂಗಡಿಯನ್ನೇ ಮಾರುವುದಾದರೆ ಕೊಳ್ಳುವವರನ್ನು ಮೊದಲೇ ಮಾಲೀಕರಾಗಿ ಸೇರಿಸಿಡಿ. ಹೊಸದಾಗಿ ಸೇರಿದವರಿಗೆ ಏಳು ದಿನ ಪೂರ್ತಿ ಅಧಿಕಾರ ಇರುವುದಿಲ್ಲ, ಕೀಲಿಕೈ ಕೊಡುವ ದಿನಕ್ಕೆ ಒಂದು ವಾರ ಮುಂಚೆ ಈ ಕೆಲಸ ಆಗಿರಬೇಕು.