ಜಗಲಿ ಗೋಡೆಯ ಚಿತ್ತಾರಕ್ಕೆ ಮೂರು ಬಣ್ಣ

ಸಾಗರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಮುಂಬಾಗಿಲಿನ ಎರಡೂ ಬದಿಗೆ ಜಗಲಿಯ ಮಣ್ಣಿನ ಗೋಡೆಗಳಿವೆ. ಅಂಗಳದಾಚೆ ಹೊಸದಾಗಿ ಕಟ್ಟಿಸಿದ ಸಿಮೆಂಟಿನ ಕಾಂಪೌಂಡ್ ಇದೆ. ಮೂರರ ಮೇಲೂ ನಾನೇ ಒಂದೇ ನಮೂನೆಯ ಚಿತ್ತಾರ ಬರೆದೆ. ಬಣ್ಣ ಮಾತ್ರ ಬೇರೆ ಬೇರೆ. ಎರಡು ಮಳೆಗಾಲ ಕಳೆದಿರುವುದರಿಂದ ಯಾವ ಗೋಡೆಗೆ ಯಾವ ಬಣ್ಣ ಸರಿ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಎಡಗೋಡೆಗೆ ಮಲೆನಾಡಿನ ದೀವರು ಸಮುದಾಯದವರು ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಕ್ರಮವನ್ನೇ ಹಿಡಿದೆ. ಪಕ್ಕದ ಮನೆಯ ಅಜ್ಜಿ ಜೊತೆಗೆ ಕುಳಿತು ಹೇಳಿಕೊಟ್ಟರು. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ನುಣ್ಣನೆಯ ರಾಡಿಯನ್ನಷ್ಟೇ ಬಟ್ಟೆಯಲ್ಲಿ ಅದ್ದಿ ಬಳಿಯಬೇಕು. ರಾತ್ರಿ ನೆನೆಸಿದ ಅಕ್ಕಿಯನ್ನು ರುಬ್ಬಿ ಸೋಸಿದರೆ ಬಿಳಿ, ಅಕ್ಕಿಯನ್ನೇ ಕರಿಯಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಮರದ ಕಾಯಿಯಿಂದ ಹಳದಿ. ಕುಂಚ ಪುಂಡಿನಾರಿನದು. ಮೊದಲ ಎಳೆ ಎಳೆದಾಗ ನನಗೆ ಗಾಬರಿಯೇ ಆಯಿತು: ಒದ್ದೆ ಹಿಟ್ಟು ಕೆಂಪಿನ ಮೇಲೆ ಸರಿಯಾಗಿ ಕಾಣುವುದೇ ಇಲ್ಲ. ಅಜ್ಜಿ ‘ತಡಿ’ ಎಂದರು. ಒಣಗುತ್ತಾ ಬಂದಂತೆ ಎಳೆ ಬೆಳ್ಳಗೆ ಅರಳಿತು, ಎಲ್ಲಿ ಕೈ ನಡುಗಿತ್ತೋ ಅಲ್ಲಿ ನಡುಕವೂ ಅರಳಿತು! ಜೋಗಿಜಡೆ ಎಂಬ ನಮೂನೆಯ ಹೆಣಿಗೆಗೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ತೊಂದರೆಗಳಿವೆ. ಒರಗಿ ಕುಳಿತವರ ಅಂಗಿಗೆ ಕೆಂಪು ಅಂಟುತ್ತದೆ, ಅಕ್ಕಿಯ ಬಿಳಿಗೆ ಇರುವೆ ಹತ್ತುತ್ತದೆ. ಆದರೆ ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನದು, ಬಿಸಿಲಿಗೆ ಮಾಸುವುದಿಲ್ಲ. ಉದುರಿದ ಎಳೆಯನ್ನು ಒಂದು ಬಟ್ಟಲು ಹಿಟ್ಟಿನಲ್ಲಿ ಸರಿಪಡಿಸಬಹುದು.

ಬಲಗೋಡೆಗೆ ಎನಾಮಲ್ ಎಂಬ ಎಣ್ಣೆಬಣ್ಣ ಬಳಿದೆ. ಬರೆಯಲು ಇದರಷ್ಟು ಸುಲಭವಾದುದಿಲ್ಲ; ಎಳೆ ಹರಿತ, ಹೊಳಪು ಬೇರೆ. ಮೊದಲ ಬೇಸಿಗೆಯಲ್ಲಿ ಬಂದವರೆಲ್ಲ ಈ ಗೋಡೆಯನ್ನೇ ಹೊಗಳಿದರು. ಜುಲೈ ಹೊತ್ತಿಗೆ ಬುಡದಿಂದ ತೇವ ಏರಿತು. ಮಣ್ಣಿನ ಗೋಡೆ ಆ ತೇವವನ್ನು ಮೈಯೆಲ್ಲ ಉಸಿರಾಡಿ ಹೊರಹಾಕುತ್ತದೆ; ಎಣ್ಣೆಬಣ್ಣದ ಪದರ ಅದರ ಬಾಯಿ ಮುಚ್ಚಿತ್ತು. ಮೊದಲು ಗುಳ್ಳೆ, ಆಮೇಲೆ ಹಪ್ಪಳದಂತೆ ಬಿರುಕು. ಒಂದು ಚೂರನ್ನು ಉಗುರಿನಿಂದ ಎತ್ತಿದೆ. ಹಿಂಬದಿಗೆ ಬೆರಳು ದಪ್ಪದ ಮಣ್ಣೂ ಅಂಟಿಕೊಂಡು ಬಂತು. ಅಜ್ಜನ ಕಾಲದ ಗೋಡೆಗೆ ಹೀಗೆ ಮಾಡಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕಾಂಪೌಂಡಿಗೆ ನೀರು ಬೆರೆಸಿ ಬಳಿಯುವ ಹೊರಗೋಡೆಯ ಎಮಲ್ಷನ್ ಬಣ್ಣ ಆಯ್ದುಕೊಂಡೆ. ಹೊಸ ಗಾರೆ ಪಕ್ವವಾಗಲೆಂದು 28 ದಿನ ಕಾದು, ಪ್ರೈಮರ್ ಹೊಡೆದು, ಇಟ್ಟಿಗೆಗೆಂಪಿನ ಮೇಲೆ ಬಿಳಿಯಲ್ಲಿ ಬರೆದೆ. ಮಲೆನಾಡಿನ ಮಳೆಗೆ ನೇರವಾಗಿ ಮೈಯೊಡ್ಡಿಯೂ ಚಿತ್ತಾರ ಹಾಗೆಯೇ ಉಳಿದಿದೆ. ಬುಡದ ಪಾಚಿಯನ್ನು ಬ್ರಷ್‌ನಿಂದ ಉಜ್ಜಿದರೆ ಸಾಕು. ಕೆಮ್ಮಣ್ಣಿನಲ್ಲಿ ಸಂಜೆಬೆಳಕಿಗೆ ಕಾಣುವ ಏರಿಳಿತ ಇದರಲ್ಲಿಲ್ಲ, ಎಲ್ಲ ಕಡೆಯೂ ಒಂದೇ ಕೆಂಪು.

ಹಾಗಾಗಿ ಸೂರಿನ ಕೆಳಗಿನ ಮಣ್ಣಿನ ಗೋಡೆಗೆ ಕೆಮ್ಮಣ್ಣು–ಅಕ್ಕಿಯನ್ನೇ ಹಿಡಿಯಿರಿ. ಮಳೆ ಹೊಡೆಯುವ ಸಿಮೆಂಟಿಗೆ ಎಮಲ್ಷನ್. ಎನಾಮಲ್ ಕಿಟಕಿಯ ಸರಳುಗಳಿಗಿರಲಿ. ಬಲಗೋಡೆಯನ್ನು ಕೆರೆದು ಮಣ್ಣು ಮೆತ್ತಿದ್ದೇನೆ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಅಜ್ಜಿ ಚಿತ್ತಾರ ಬರೆಯುವಾಗ ಈ ಗೋಡೆಗೂ ಆಗಲೆಂದು ಹಿಟ್ಟನ್ನು ಸ್ವಲ್ಪ ಹೆಚ್ಚಿಗೆ ರುಬ್ಬುತ್ತೇನೆ ಎಂದಿದ್ದಾರೆ.